ಫಿಲ್ಟರ್ ಬದಲಿಸಿದರೂ ನೀರಿನ ದೀಪ ಆರುತ್ತಿಲ್ಲ: ತಪ್ಪು ಬಂಕಿನದೋ, ಲಾರಿಯದೋ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಸ್ವಂತ ಲಾರಿ, ಹತ್ತು ಚಕ್ರದ್ದು, ಬಿಎಸ್-6, ಆರು ಸಿಲಿಂಡರ್. ನಾನೇ ಓಡಿಸುತ್ತೇನೆ. ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ ಹೇರಿಕೊಂಡು ನಾಮಕ್ಕಲ್‌ಗೆ ಹೋಗಿಬರುವುದು ನನ್ನ ಕಾಯಂ ಬಾಡಿಗೆ. ಅಕ್ಟೋಬರ್ ಮಳೆಯಲ್ಲಿ ಹಿಂದಿರುಗುವಾಗ ತೊಪ್ಪೂರು ಘಾಟಿಯ ಏರಿನಲ್ಲಿ ಪಿಕಪ್ ಬಿದ್ದುಹೋಯಿತು. ಫಿಲ್ಟರಿನಲ್ಲಿ ನೀರಿದೆ ಎಂದು ತೋರಿಸುವ ದೀಪ ಹತ್ತಿತು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಫಿಲ್ಟರಿನ ಕೆಳಗಿನಿಂದ ಅರ್ಧ ಲೋಟ ನೀರು ತೆಗೆದು, ಟ್ಯಾಂಕಿಗೆ ಒಂದು ಲೀಟರ್ ಥಿನ್ನರ್ ಸುರಿದು, ‘ಉಳಿದ ನೀರು ಸುಟ್ಟುಹೋಗುತ್ತದೆ’ ಎಂದ. ಊರಿಗೆ ಬಂದು ಫಿಲ್ಟರ್ ಬದಲಿಸಿದೆ. ಟ್ರ್ಯಾಕ್ಟರ್‌ಗೆಂದು ಮನೆಯ ಹಿಂದೆ ಇಟ್ಟಿರುವ ಡ್ರಮ್ಮಿನಿಂದ ಎಂದಿನಂತೆ ನೂರು ಲೀಟರ್ ಹಾಕಿಕೊಂಡು ಹೊರಟೆ. ಹಿರಿಯೂರು ದಾಟುವಷ್ಟರಲ್ಲಿ ಮತ್ತೆ ದೀಪ. ಈಗ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬಿಳಿ ಹೊಗೆ, ಒಂದು ಸಿಲಿಂಡರ್ ಬಡಿದಂತೆ ಸದ್ದು. ಶೋರೂಮಿನವರು ಆರೂ ನಾಜಲ್, ಹೈ ಪ್ರೆಷರ್ ಪಂಪ್, ರೈಲ್ ಎಲ್ಲವನ್ನೂ ಬದಲಿಸಬೇಕು, ಎರಡೂವರೆ ಲಕ್ಷದ ಮೇಲಾಗುತ್ತದೆ ಎನ್ನುತ್ತಾರೆ. ಹತ್ತು ದಿನದಿಂದ ಗಾಡಿ ನಿಲ್ಲಿಸಿದ್ದೇನೆ. ಓಡಿಸದಿದ್ದರೆ ಹಾನಿ ಹೆಚ್ಚುವುದಿಲ್ಲವಲ್ಲ? ಬಂಕಿನ ಮೇಲೆ ದೂರು ಕೊಡಲೇ? ಡೀಸೆಲ್‌ಗೆ ಎಥನಾಲ್ ಬೆರೆಸುವುದರಿಂದ ನೀರಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನೀವು ಸಮಾಧಾನಕ್ಕೆಂದು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆ ಒಂದು ವಾರ ಕಾಯಬಹುದು, ಇದಕ್ಕೆ ಆಗದು. ಗಾಡಿ ನಿಲ್ಲಿಸಿದ ಮಾತ್ರಕ್ಕೆ ಹಾನಿ ನಿಂತಿಲ್ಲ. ಓಡುವ ಗಾಡಿಯಲ್ಲಿ ನೀರು ಡೀಸೆಲ್ ಜೊತೆ ಹರಿದುಹೋಗುತ್ತಿರುತ್ತದೆ. ನಿಂತ ಗಾಡಿಯಲ್ಲಿ ಅದು ಪಂಪಿನೊಳಗೆ, ನಾಜಲಿನ ಸೂಜಿಯ ಮಗ್ಗುಲಲ್ಲಿ ಕೂತು ಉಕ್ಕನ್ನು ತಿನ್ನುತ್ತದೆ. ದಾವಣಗೆರೆಯಲ್ಲಿ ನಾನು ಡೀಸೆಲ್ ಪಂಪ್ ಕೆಲಸ ಹಿಡಿದು ಮೂವತ್ತು ವರ್ಷ ಮೀರಿತು. ನೀರು ಹೊಕ್ಕ ಮರುದಿನವೇ ಬಿಚ್ಚಿಸಿಕೊಂಡ ನಾಜಲ್‌ಗಳು ಬಹುಪಾಲು ತೊಳೆದರೆ ಸಾಕಾಗುತ್ತವೆ. ‘ಹಬ್ಬ ಮುಗಿಯಲಿ’ ಎಂದು ಹದಿನೈದು ದಿನ ನಿಲ್ಲಿಸಿ ತಂದವುಗಳಲ್ಲಿ ಸೂಜಿ ತನ್ನ ಗೂಡಿಗೇ ಕಚ್ಚಿಕೊಂಡಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಕನ್ನಡಿಯಂತಿರಬೇಕಾದ ಸೂಜಿಯ ಮೈಮೇಲೆ ಬೆರಳೊತ್ತಿದಂತೆ ಕಂದು ಕಲೆ. ಆ ಕಲೆ ಬಿದ್ದ ಮೇಲೆ ಯಾವ ಎಣ್ಣೆ ಹಾಕಿ ತಿಕ್ಕಿದರೂ ಅದು ಮೊದಲಿನಂತಾಗುವುದಿಲ್ಲ.

ಆದ್ದರಿಂದ ಈ ಪತ್ರ ಓದಿದ ದಿನವೇ ಒಂದು ಕೆಲಸ ಮಾಡಿ. ಸೆಲ್ಫ್ ಹೊಡೆಯಬೇಡಿ. ನೀರು ಕುಡಿದು ಖಾಲಿಯಾದ ಪಾರದರ್ಶಕ ಬಾಟಲಿಯೊಂದನ್ನು ಒಳಗೆ ಪೂರ್ತಿ ಒಣಗಿಸಿ, ನೀರು ಬೇರ್ಪಡಿಸುವ ಮೊದಲ ಫಿಲ್ಟರಿನ ಅಡಿಗೆ ಹಿಡಿಯಿರಿ. ಕೆಳಗಿನ ಡ್ರೈನ್ ತಿರುಪನ್ನು ಕೈಯಿಂದ ಸಡಿಲಿಸಿ, ಹ್ಯಾಂಡ್ ಪ್ರೈಮರ್ (ಡೀಸೆಲ್ ಎಳೆಯಲು ಕೈಯಿಂದ ಒತ್ತುವ ಸಣ್ಣ ಪಂಪ್) ಒತ್ತುತ್ತ ಬಾಟಲಿ ಮುಕ್ಕಾಲು ತುಂಬಿಸಿಕೊಳ್ಳಿ. ಅದನ್ನು ಹತ್ತು ನಿಮಿಷ ಅಲ್ಲಾಡಿಸದೆ ಕಿಟಕಿಯ ಬಳಿ ಇಡಿ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ನೀರು 1,000 ಗ್ರಾಂ. ಹಾಗಾಗಿ ನೀರು ತಾನಾಗಿಯೇ ಕೆಳಗಿಳಿದು ನಡುವೆ ಒಂದು ಸ್ಪಷ್ಟ ಗೆರೆ ಮೂಡುತ್ತದೆ. ಗೆರೆ ಮೂಡದೆ ಇಡೀ ಬಾಟಲಿ ಮಜ್ಜಿಗೆಯಂತೆ ಮಸುಕಾಗಿಯೇ ಉಳಿದರೆ ಅದು ಬೇರೆ ತೊಂದರೆ, ಥಿನ್ನರ್ ವಿಷಯಕ್ಕೆ ಬಂದಾಗ ಹೇಳುತ್ತೇನೆ. ಗೆರೆಯ ಜಾಗದಲ್ಲಿ ಕಪ್ಪು ಲೋಳೆಯ ಪದರ ತೇಲುತ್ತಿದ್ದರೆ ಅದು ಇನ್ನೊಂದು. ಈ ಬಾಟಲಿಯನ್ನು ಚೆಲ್ಲಬೇಡಿ, ಮುಂದೆ ಬೇಕಾಗುತ್ತದೆ.

ಈಗ ಎಥನಾಲ್ ಮಾತು. ಎಥನಾಲ್ ಬೆರೆಸುತ್ತಿರುವುದು ಪೆಟ್ರೋಲಿಗೆ, ಶೇಕಡ 20ರವರೆಗೆ. ಡೀಸೆಲ್‌ಗೆ ಬೆರೆಸುತ್ತಿಲ್ಲ. ಪೆಟ್ರೋಲಿನಲ್ಲಿ ಎಥನಾಲ್ ನೀರನ್ನು ಹೀರಿ ತಳಕ್ಕೆ ಇಳಿಯುವುದು ನಿಜ, ಬೈಕಿನವರ ಆ ದೂರನ್ನೇ ಯಾರೋ ಲಾರಿಗೆ ಹೊರಿಸಿದ್ದಾರೆ. ಡೀಸೆಲ್‌ಗೆ ಸೇರಿಸಬೇಕೆಂದಿರುವುದು ಬಯೋಡೀಸೆಲ್. 2018ರ ಜೈವಿಕ ಇಂಧನ ನೀತಿ 2030ರ ವೇಳೆಗೆ ಶೇಕಡ 5ರ ಗುರಿ ಇಟ್ಟಿದೆ. ಬಯೋಡೀಸೆಲ್ ಸಾದಾ ಡೀಸೆಲ್‌ಗಿಂತ ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದು ಸರಿ. ಆದರೆ ನಿಮ್ಮ ಫಿಲ್ಟರಿನಿಂದ ಅರ್ಧ ಲೋಟ ಬಂದ ನೀರಿಗೆ ಅದು ಕಾರಣವಲ್ಲ.

ಇನ್ನೊಂದು ನಂಬಿಕೆ ಡ್ರೈವರ್‌ಗಳಲ್ಲಿ ಗಟ್ಟಿಯಾಗಿದೆ: ಅರ್ಧ ಟ್ಯಾಂಕಿನಲ್ಲಿ ರಾತ್ರಿ ನಿಲ್ಲಿಸಿದರೆ ಒಳಗಿನ ಗಾಳಿ ತಣ್ಣಗಾಗಿ ನೀರಾಗುತ್ತದೆ ಎಂದು. ಆಗುತ್ತದೆ, ಆದರೆ ಎಷ್ಟು? ಲೆಕ್ಕ ಹಾಕೋಣ. ಟ್ಯಾಂಕಿನಲ್ಲಿ 300 ಲೀಟರ್ ಜಾಗ ಖಾಲಿ ಇದೆ, ಒಳಗಿನ ಗಾಳಿ ಪೂರ್ತಿ ತೇವದಿಂದ ಕೂಡಿದೆ, ತಾಪ 30 ಡಿಗ್ರಿಯಿಂದ 20ಕ್ಕೆ ಇಳಿಯಿತು ಎಂದುಕೊಂಡರೂ ಬೀಳುವ ನೀರು ನಾಲ್ಕು ಗ್ರಾಂ. ಒಂದು ಟೀ ಚಮಚವೂ ತುಂಬದು. ತಿಂಗಳುಗಟ್ಟಲೆ ಹೀಗೆಯೇ ಆದರೆ, ಯಾರೂ ಬಸಿಯದಿದ್ದರೆ, ಆ ಚಮಚಗಳೆಲ್ಲ ಸೇರಿ ತೊಂದರೆ ಕೊಡಬಹುದು. ಅದಕ್ಕಾಗಿಯೇ ಸಂಜೆ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯ ಅಭ್ಯಾಸ. ಆದರೆ ಬದಲಿಸಿದ ಹೊಸ ಫಿಲ್ಟರ್ ಚಳ್ಳಕೆರೆಯಿಂದ ಹಿರಿಯೂರಿಗೆ ಬರುವಷ್ಟರಲ್ಲಿ ತುಂಬಿತು ಎಂದರೆ ನೀರು ಗಾಳಿಯಿಂದ ಬಂದದ್ದಲ್ಲ, ಯಾವುದೋ ಬಾಯಿಂದ ನೇರವಾಗಿ ಸುರಿದದ್ದು.

ಆ ಬಾಯಿ ಯಾವುದು? ಬಂಕು ಇರಬಹುದು. ಜೋರು ಮಳೆಯಲ್ಲಿ ನೆಲದಡಿಯ ಟ್ಯಾಂಕಿಗೆ ನೀರು ಇಳಿಯುವುದನ್ನು ನಾನು ಕಂಡಿದ್ದೇನೆ. ಆದರೆ ಹಾಗೆ ಆದ ದಿನ ಒಂದೇ ಗಾಡಿ ನಿಲ್ಲುವುದಿಲ್ಲ. ಅದೇ ಬಂಕಿನಲ್ಲಿ ಹಾಕಿಸಿಕೊಂಡ ನಾಲ್ಕಾರು ಲಾರಿ, ಎರಡು ಕಾರು, ಒಂದು ಆಂಬ್ಯುಲೆನ್ಸ್ ಎಲ್ಲವೂ ಐದಾರು ಕಿಲೋಮೀಟರಿನೊಳಗೆ ರಸ್ತೆ ಬದಿಗೆ ಬರುತ್ತವೆ. ನಮ್ಮ ಗ್ಯಾರೇಜಿನ ಮುಂದೆ ಅಂದು ಜಾತ್ರೆ. ನಿಮ್ಮ ಪತ್ರದಲ್ಲಿ ಅಂಥ ಸುಳಿವು ಇಲ್ಲ. ಬದಲಿಗೆ, ನೀವು ಕೈತಪ್ಪಿ ಬರೆದಂತೆ ಬರೆದಿರುವ ಒಂದು ಮಾತಿದೆ: ಮನೆಯ ಹಿಂದಿನ ಡ್ರಮ್ಮಿನಿಂದ ‘ಎಂದಿನಂತೆ’ ನೂರು ಲೀಟರ್. ಮೊದಲ ಸಲ ಘಾಟಿಯಲ್ಲಿ ನಿಲ್ಲುವ ಮುನ್ನವೂ ಆ ಡ್ರಮ್ಮಿನ ಡೀಸೆಲ್ ಟ್ಯಾಂಕಿನಲ್ಲಿತ್ತು ಎಂದೇ ಅದರ ಅರ್ಥ. ನಾನು ಪೊಲೀಸನಾಗಿದ್ದರೆ ಮೊದಲು ಹೋಗಿ ಕೂರುತ್ತಿದ್ದುದು ಆ ಡ್ರಮ್ಮಿನ ಪಕ್ಕ.

ಡ್ರಮ್ಮು ನೆಟ್ಟಗೆ ನಿಂತಿದೆಯೇ, ಬಿಸಿಲಿಗೆ ಮಳೆಗೆ ಬಯಲಿನಲ್ಲಿದೆಯೇ ಎಂದು ನೀವು ಬರೆದಿಲ್ಲ. ಹಳ್ಳಿಗಳಲ್ಲಿ ನಾನು ನೋಡಿದ ಹತ್ತರಲ್ಲಿ ಒಂಬತ್ತು ಹಾಗೆಯೇ ಇರುತ್ತವೆ. 200 ಲೀಟರಿನ ಡ್ರಮ್ಮಿನ ತಲೆಯ ಮೇಲೆ ಸುತ್ತ ಒಂದು ಅಂಚು ಎದ್ದಿರುತ್ತದೆ. ಮಳೆ ಬಂದರೆ ಆ ಅಂಚಿನೊಳಗೆ ಮೂರು ನಾಲ್ಕು ಲೀಟರ್ ನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಮುಚ್ಚಳದ ತಿರುಪು ಇರುವುದು ಆ ನೀರಿನ ಅಡಿಯಲ್ಲಿಯೇ. ಹಗಲು ಬಿಸಿಲಿಗೆ ಡ್ರಮ್ಮು ಕಾದು ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಅದೇ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವಾಗ ಸಂದಿನ ಮೇಲೆ ನಿಂತಿರುವುದು ಗಾಳಿಯಲ್ಲ, ನೀರು. ಅರ್ಧ ಖಾಲಿಯಾದ ಡ್ರಮ್ಮು 40 ಡಿಗ್ರಿಯಿಂದ 20ಕ್ಕೆ ಇಳಿದರೆ ಒಳಗಿನ ಗಾಳಿ ಐದಾರು ಲೀಟರಿನಷ್ಟು ಕುಗ್ಗುತ್ತದೆ. ಅಂದರೆ ಮೇಲೆ ನಿಂತ ನೀರನ್ನೆಲ್ಲ ಒಂದೆರಡು ರಾತ್ರಿಯಲ್ಲಿ ಹೀರಿಕೊಳ್ಳುವಷ್ಟು ಶಕ್ತಿ. ಬೆಳಿಗ್ಗೆ ನೋಡಿದರೆ ಡ್ರಮ್ಮಿನ ತಲೆ ಒಣಗಿರುತ್ತದೆ, ‘ಬಿಸಿಲಿಗೆ ಆರಿತು’ ಎಂದುಕೊಳ್ಳುತ್ತೇವೆ. ಚಳ್ಳಕೆರೆ, ಹಿರಿಯೂರು ಮಳೆ ಕಡಿಮೆಯ ಸೀಮೆ ಎಂದು ನಾವು ಮೈಮರೆಯುತ್ತೇವೆ. ಆದರೆ ಹಗಲು ಕಾದು ರಾತ್ರಿ ತಣ್ಣಗಾಗುವ ಬಯಲುಸೀಮೆಯಲ್ಲಿಯೇ ಡ್ರಮ್ಮು ಹೆಚ್ಚು ಉಸಿರಾಡುವುದು. ಅಕ್ಟೋಬರಿನ ನಾಲ್ಕು ಮಳೆ ಸಾಕು.

ಇದನ್ನು ಪರೀಕ್ಷಿಸುವುದು ಸುಲಭ. ಡ್ರಮ್ಮನ್ನು ಒಂದು ದಿನ ಮುಟ್ಟದೆ ಬಿಟ್ಟು, ಉದ್ದದ ಪೈಪನ್ನು ಮೇಲಿನ ತುದಿ ಬೆರಳಿನಿಂದ ಮುಚ್ಚಿ ತಳ ಮುಟ್ಟುವವರೆಗೆ ಇಳಿಸಿ, ಬೆರಳು ತೆಗೆದು, ಮತ್ತೆ ಮುಚ್ಚಿ ಮೇಲೆತ್ತಿ. ಪೈಪಿನೊಳಗೆ ಬಂದದ್ದನ್ನು ಎರಡನೆಯ ಬಾಟಲಿಗೆ ಬಿಡಿ. ಬಂಕಿನವರು ಅಳತೆ ಕೋಲಿಗೆ ಹಚ್ಚುವ ನೀರು ಪತ್ತೆಯ ಪೇಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ತಗುಲಿದ ಎತ್ತರದವರೆಗೆ ಅದು ಬಣ್ಣ ಬದಲಿಸುತ್ತದೆ. ಮೂರನೆಯ ಬಾಟಲಿಗೆ ಲಾರಿ ಟ್ಯಾಂಕಿನ ತಳದ ಡ್ರೈನ್ ಬೋಲ್ಟ್ ಸಡಿಲಿಸಿ ಮೊದಲು ಬಂದದ್ದನ್ನು ಹಿಡಿಯಿರಿ.

ಟ್ಯಾಂಕಿನ ತಳ ಎಂದೆನಲ್ಲ, ಅದರಲ್ಲಿಯೇ ನಿಮ್ಮ ಘಾಟಿಯ ಕಥೆಯ ಅರ್ಧ ಇದೆ. ಡೀಸೆಲ್ ಎಳೆಯುವ ಪೈಪು ಟ್ಯಾಂಕಿನ ತಳ ಮುಟ್ಟುವುದಿಲ್ಲ, ಕಸ ಎಳೆಯಬಾರದೆಂದು ಒಂದೆರಡು ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಟ್ಯಾಂಕಿನಲ್ಲಿ ಎರಡು ಸೆಂಟಿಮೀಟರ್ ಎಂದರೆ ಸುಮಾರು ಹದಿನೈದು ಲೀಟರಿನಷ್ಟು. ಅಷ್ಟು ನೀರು ತಳದಲ್ಲಿ ತೆಪ್ಪಗೆ ಕೂತಿದ್ದರೂ ಸಮತಟ್ಟು ಹೆದ್ದಾರಿಯಲ್ಲಿ ನಿಮಗೆ ಗೊತ್ತಾಗುವುದಿಲ್ಲ. ಏರಿನಲ್ಲಿ ಟ್ಯಾಂಕ್ ಓರೆಯಾಗಿ, ಬ್ರೇಕಿನಲ್ಲಿ ಕುಲುಕಿದಾಗ ಅದು ಪೈಪಿನ ಬಾಯಿಗೆ ಬರುತ್ತದೆ. ಹಾಗಾಗಿ ಫಿಲ್ಟರಿನಿಂದ ಬಸಿದ ಅರ್ಧ ಲೋಟ ನೀರು ಬಡ್ಡಿ ಮುಟ್ಟಿದಂತೆ ಮಾತ್ರ, ಸಾಲ ತೀರಿದ್ದಲ್ಲ. ಟ್ಯಾಂಕ್ ಖಾಲಿ ಮಾಡದೆ ಎಷ್ಟು ಫಿಲ್ಟರ್ ಬದಲಿಸಿದರೂ ದೀಪ ಹತ್ತುತ್ತಲೇ ಇರುತ್ತದೆ. ದೀಪದ ಕೆಲಸ ಬಹಳ ಸರಳ: ಫಿಲ್ಟರಿನ ಬಟ್ಟಲಿನಲ್ಲಿ ಎರಡು ಮೊಳೆಗಳಿವೆ, ನೀರು ಅವುಗಳ ಎತ್ತರಕ್ಕೆ ಬಂದರೆ ಕರೆಂಟು ಹರಿಯುತ್ತದೆ, ಡೀಸೆಲ್‌ನಲ್ಲಿ ಹರಿಯುವುದಿಲ್ಲ. ಆ ಸೆನ್ಸರಿನ ವೈರು ಕಿತ್ತು ‘ದೀಪ ಆರಿಸಿಕೊಟ್ಟ’ ಮಹಾನುಭಾವರೂ ಹೆದ್ದಾರಿಯಲ್ಲಿದ್ದಾರೆ. ನಿಮ್ಮ ವೈರು ಇನ್ನೂ ಇದೆಯಲ್ಲ, ಅದೇ ಪುಣ್ಯ.

ಥಿನ್ನರ್ ಸುರಿದವನ ಮೇಲೆ ನನಗೆ ಸಿಟ್ಟಿದೆ. ಥಿನ್ನರ್, ಸ್ಪಿರಿಟ್, ಸೀಮೆಎಣ್ಣೆ, ‘ಸ್ವಲ್ಪ ಪೆಟ್ರೋಲ್’, ಇವೆಲ್ಲವೂ ಒಂದೇ ಜಾತಿಯ ಸಲಹೆಗಳು. ನೀರು ಟ್ಯಾಂಕಿನಲ್ಲಿ ಸುಡುವುದಿಲ್ಲ. ಸ್ಪಿರಿಟ್ಟಿನ ಅಂಶ ಮತ್ತು ನೀರನ್ನು ಡೀಸೆಲ್‌ನಲ್ಲಿ ಒಡೆದು ಹಾಲಿನಂತೆ ಬೆರೆಸುವ ಕೆಲವು ಬಾಟಲಿ ಔಷಧಗಳು ಮಾಡುವುದು ಇಷ್ಟೇ: ತಳದಲ್ಲಿ ಬೇರೆಯಾಗಿ ಕೂತಿದ್ದ ನೀರನ್ನು ಫಿಲ್ಟರ್ ಹಿಡಿಯಲಾರದಷ್ಟು ಸಣ್ಣ ಹನಿ ಮಾಡಿ ನಾಜಲಿನವರೆಗೆ ಮೆರವಣಿಗೆಯಲ್ಲಿ ಕಳಿಸುವುದು. ದೀಪ ಆರುತ್ತದೆ, ಏಕೆಂದರೆ ಬಟ್ಟಲಿನಲ್ಲಿ ನೀರು ನಿಲ್ಲುತ್ತಿಲ್ಲ. ಬಾಟಲಿ ಮಜ್ಜಿಗೆಯಂತಿದ್ದರೆ ಬೇರೆ ತೊಂದರೆ ಎಂದದ್ದು ಇದನ್ನೇ. ಮೇಲಾಗಿ ಇವುಗಳಿಗೆ ಜಿಡ್ಡಿಲ್ಲ. 2020ರ ಏಪ್ರಿಲ್‌ನಿಂದ ನಾವು ಹಾಕುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ) ಮೀರುವಂತಿಲ್ಲ, ಹಿಂದಿನ ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡೂ ಕಡಿಮೆಯಾಗುತ್ತದೆ, ಅದನ್ನು ತುಂಬಲು ಬೇರೆ ರಾಸಾಯನಿಕ ಸೇರಿಸುತ್ತಾರೆ. ನಿಮ್ಮ ಹೈ ಪ್ರೆಷರ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಆಯಿಲ್. ಅದಕ್ಕೆ ಥಿನ್ನರ್ ಕುಡಿಸುವುದೆಂದರೆ ಬೇರಿಂಗಿನ ಗ್ರೀಸನ್ನು ಸೋಪು ಹಾಕಿ ತೊಳೆದಂತೆ.

‘ಹಿಂದೆ ನಮ್ಮಪ್ಪ ಸೀಮೆಎಣ್ಣೆ ಹಾಕಿಯೇ ಓಡಿಸುತ್ತಿದ್ದರು’ ಎಂದು ನನ್ನ ಬಳಿ ವಾದ ಮಾಡುವವರಿದ್ದಾರೆ. ಓಡಿಸುತ್ತಿದ್ದರು, ಒಪ್ಪುತ್ತೇನೆ. ನಾನು ಕೆಲಸ ಕಲಿತದ್ದೂ ಆ ಹಳೆಯ ಕಾಲದ ಮೈಕೋ ಕಂಪನಿಯ ಡೀಸೆಲ್ ಪಂಪುಗಳ ಮೇಲೆಯೇ. ಅಲ್ಲಿ ನಾಜಲ್ ತೆರೆಯುತ್ತಿದ್ದುದು 200-250 ಬಾರ್ ಒತ್ತಡಕ್ಕೆ. ನಿಮ್ಮ ಕಾಮನ್ ರೈಲಿನಲ್ಲಿ, ಅಂದರೆ ಎಲ್ಲ ನಾಜಲ್‌ಗಳಿಗೂ ಡೀಸೆಲ್ ಹಂಚುವ ಒಂದೇ ಹೈ ಪ್ರೆಷರ್ ಕೊಳವೆಯಲ್ಲಿ, 1,600ರಿಂದ 2,000 ಬಾರ್. ಲಾರಿ ಟಯರಿನ ಗಾಳಿ ಎಂಟು ಬಾರ್ ಎಂದುಕೊಂಡರೆ ಅದರ ಇನ್ನೂರು ಪಟ್ಟು. ಒಳಗಿನ ಭಾಗಗಳ ನಡುವಿನ ಸಂದು ಎರಡರಿಂದ ಐದು ಮೈಕ್ರಾನ್, ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ಹಳೆಯ ಪಂಪ್ ನೀರು ಕುಡಿದರೆ ಕೆಮ್ಮಿ ಸುಧಾರಿಸಿಕೊಳ್ಳುತ್ತಿತ್ತು. ಇದಕ್ಕೆ ಆ ಸಹನೆ ಇಲ್ಲ. ನೀರು ಆವಿಯಾಗಿ ನಾಜಲಿನ ತುದಿಯನ್ನೇ ಹಾರಿಸಿಬಿಡುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಆಗಬಹುದು, ಆದರೆ ನಾಜಲ್ ಪರೀಕ್ಷಿಸುವ ನನ್ನ ಬೆಂಚಿನ ಮೇಲೆ ಬಂದವುಗಳಲ್ಲಿ ಬಹುಪಾಲು ಸತ್ತದ್ದು ತುಕ್ಕಿನಿಂದ ಮತ್ತು ಜಿಡ್ಡಿಲ್ಲದೆ ಉಜ್ಜಿಕೊಂಡದ್ದರಿಂದ.

ಇನ್ನು ಶೋರೂಮಿನ ಎರಡೂವರೆ ಲಕ್ಷ. ಅವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಹೈ ಪ್ರೆಷರ್ ಪಂಪ್ ಒಳಗೆ ಕೆರೆದುಕೊಂಡು ಲೋಹದ ಪುಡಿ ಬಿಟ್ಟಿದ್ದರೆ ಅವರ ಮಾತೇ ಸರಿ. ಆ ಪುಡಿ ರೈಲಿಗೆ, ಪೈಪಿಗೆ, ಆರೂ ನಾಜಲಿಗೆ, ಉಳಿದ ಡೀಸೆಲ್ ವಾಪಸಾಗುವ ರಿಟರ್ನ್ ಪೈಪ್ ಹಿಡಿದು ಟ್ಯಾಂಕಿಗೂ ಹೋಗಿರುತ್ತದೆ. ಒಂದೇ ಒಂದನ್ನು ಬದಲಿಸಿದರೆ ಹೊಸದೂ ತಿಂಗಳಲ್ಲಿ ಹೋಗುತ್ತದೆ. ಪುಡಿ ಬಿಟ್ಟಿಲ್ಲದಿದ್ದರೆ ಎಲ್ಲವನ್ನೂ ಬದಲಿಸುವ ಅಗತ್ಯವಿಲ್ಲ. ಹಾಗಾಗಿ ಅವರನ್ನು ಕೇಳಬೇಕಾದ ಪ್ರಶ್ನೆ ‘ಎಷ್ಟು ಕಡಿಮೆ ಮಾಡುತ್ತೀರಿ’ ಎಂದಲ್ಲ. ‘ಪಂಪಿನ ಮೇಲಿನ ಮೀಟರಿಂಗ್ ವಾಲ್ವ್ ಬಿಚ್ಚಿ ನೋಡಿದಿರಾ, ಪುಡಿ ಇತ್ತಾ, ನನಗೂ ತೋರಿಸಿ’ ಎಂದು ಕೇಳಿ. ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕೆಂದು ಅಳೆಯುವ ಆ ವಾಲ್ವಿನ ಜಾಲರಿಯನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿದರೆ ಬೆಳ್ಳಿಯ ಪುಡಿಯಂತೆ ಮಿನುಗುವ ಚೂರು ಬಿದ್ದರೆ ಪಂಪ್ ಹೋಗಿದೆ. ಬರೀ ಕಂದು ಕೆಸರು ಬಿದ್ದರೆ ಅದು ಟ್ಯಾಂಕಿನ ತುಕ್ಕು. ಈ ಹದಿನೈದು ನಿಮಿಷದ ಕೆಲಸ ಮಾಡದೆ ಪೂರ್ತಿ ಸೆಟ್ ಬದಲಿಸಲು ನಾನು ಒಪ್ಪುವುದಿಲ್ಲ.

ನಾಜಲ್‌ಗಳದ್ದೂ ಹಾಗೆಯೇ. ಪ್ರತಿ ನಾಜಲಿನ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ, ಎಂಜಿನ್ಅನ್ನು ಕೆಲವು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆರೂ ಬಾಟಲಿಗಳನ್ನು ಸಾಲಾಗಿ ಇಟ್ಟು ನೋಡುವ ಪರೀಕ್ಷೆ ಇದೆ. ಐದರಲ್ಲಿ ಒಂದೇ ಮಟ್ಟ, ಒಂದರಲ್ಲಿ ಮಾತ್ರ ದುಪ್ಪಟ್ಟು ಡೀಸೆಲ್ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಅದನ್ನೂ ಅದರ ನೆರೆಯದನ್ನೂ ಬೆಂಚಿನ ಮೇಲೆ ಪರೀಕ್ಷಿಸಬೇಕು. ನೀವು ಹೇಳುವ ಒಂದೇ ಸಿಲಿಂಡರಿನ ಬಡಿತ ಮತ್ತು ಬೆಳಗಿನ ಬಿಳಿ ಹೊಗೆ, ಎರಡೂ ಸೇರಿದರೆ ಒಂದು ನಾಜಲ್ ಸರಿಯಾಗಿ ಮುಚ್ಚದೆ ಡೀಸೆಲ್ ಸೋರಿಸುತ್ತಿದೆ ಎಂದು ನನ್ನ ಅನುಮಾನ. ಹೊಗೆ ನೀರಿನದ್ದೇ ಎಂದು ತಿಳಿಯಬೇಡಿ, ಬೆಳಗಿನ ಬಿಳಿ ಹೊಗೆ ಬಹಳ ಸಲ ಸುಡದ ಡೀಸೆಲ್. ಆದರೂ ರೇಡಿಯೇಟರಿನ ಮಟ್ಟ ಇಳಿಯುತ್ತಿದೆಯೇ ನೋಡಿ. ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕಾಗುತ್ತದೆ, ಅದು ಬೇರೆಯೇ ರೋಗ. ಎಂಜಿನ್ ಆಯಿಲ್ ಕಡ್ಡಿಯನ್ನೂ ತೆಗೆದು ನೋಡಿ. ಆಯಿಲ್ ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ ಸೋರಿದ ಡೀಸೆಲ್ ಕೆಳಗಿಳಿದಿದೆ. ಆಗ ಆಯಿಲ್ ಬದಲಿಸದೆ ಗಾಡಿ ಚಾಲೂ ಮಾಡಬೇಡಿ.

ಒಂದು ಎಚ್ಚರಿಕೆ. ಹಳೆಯ ಗಾಡಿಯಲ್ಲಿ ಏರ್ ತೆಗೆಯಲು ನಾಜಲಿನ ಪೈಪ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುತ್ತಿದ್ದೆವು. ಕಾಮನ್ ರೈಲಿನಲ್ಲಿ ಎಂಜಿನ್ ತಿರುಗುವಾಗ ಆ ನಟ್ಟು ಮುಟ್ಟಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಬೆರಳೇ ಹೋಗಬಹುದು. ಏರ್ ತೆಗೆಯುವುದೇನಿದ್ದರೂ ಫಿಲ್ಟರಿನವರೆಗೆ, ಹ್ಯಾಂಡ್ ಪ್ರೈಮರ್‌ನಿಂದ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಅತಿ ಅಗ್ಗದ್ದು ಫಿಲ್ಟರ್ ಬಸಿದು, ಇನ್ನೊಂದು ಫಿಲ್ಟರ್ ಹಾಕಿ ಹೊರಡುವುದು. ಅದನ್ನು ನೀವು ಈಗಾಗಲೇ ಮಾಡಿ ನೋಡಿದ್ದೀರಿ. ಎರಡನೆಯದು ನಾನು ಹೇಳುವುದು: ಟ್ಯಾಂಕ್ ಇಳಿಸಿ ಪೂರ್ತಿ ಖಾಲಿ ಮಾಡಿ, ತೊಳೆದು, ಗಾಳಿ ಹೊಡೆದು, ಒಂದು ದಿನ ಬಾಯಿ ತೆರೆದು ಒಣಗಿಸುವುದು. ತೊಳೆದ ನೀರಿನಲ್ಲಿ ಅರ್ಧ ಒಣಗಿದ ಟ್ಯಾಂಕನ್ನೇ ಏರಿಸಿ ಕಳಿಸಿದ ಘನಕಾರ್ಯವನ್ನೂ ನೋಡಿದ್ದೇನೆ, ಹತ್ತಿರ ನಿಂತು ಮಾಡಿಸಿ. ಬೆಂಕಿ, ವೆಲ್ಡಿಂಗ್ ಹತ್ತಿರ ಸುಳಿಯಬಾರದು, ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಎರಡೂ ಫಿಲ್ಟರ್ ಹೊಸದು ಹಾಕಿ. ಹಾಕುವಾಗ ಮುಖ್ಯ ಫಿಲ್ಟರಿಗೆ ಬಾಟಲಿಯಿಂದ ಡೀಸೆಲ್ ಸುರಿದು ತುಂಬಿಸುವ ಅಭ್ಯಾಸ ನಮ್ಮವರಿಗಿದೆ. ಸೋಸದ ಡೀಸೆಲ್ ನೇರ ಪಂಪಿನ ಕಡೆಗೆ ಹೋಗುತ್ತದೆ, ಖಾಲಿ ಹಾಕಿ ಪ್ರೈಮರ್ ಒತ್ತಿ ತುಂಬಿಸಿ. ಪೈಪುಗಳಲ್ಲಿ ಹೊಸ ಡೀಸೆಲ್ ಹರಿಸಿ, ಅದಾದ ಮೇಲೆಯೇ ರಿಟರ್ನ್ ಪರೀಕ್ಷೆ, ಕೆಟ್ಟ ನಾಜಲ್ ಮಾತ್ರ ಬದಲಾವಣೆ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಇಂದು ಬೆಂಚಿನಲ್ಲಿ ಪಾಸಾದ ನಾಜಲ್, ತುಕ್ಕು ಶುರುವಾಗಿದ್ದರೆ, ಮೂರು ತಿಂಗಳಿಗೆ ಕೈಕೊಡಬಹುದು. ಆ ಸಾಧ್ಯತೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಒಪ್ಪಿಕೊಳ್ಳಿ.

ಮೂರನೆಯದು ರಿಪೇರಿ ಮಾಡಿದ ಹಳೆಯ ನಾಜಲ್ ಹಾಕಿಸುವುದು. ದುಡ್ಡು ಅರ್ಧ ಉಳಿಯುತ್ತದೆ. ಆದರೆ ಪರೀಕ್ಷೆಯ ರಿಪೋರ್ಟ್ ಕೊಡದ, ಬದಲಿಸಿದ ನಾಜಲಿನ ಮೇಲಿನ ಕೋಡನ್ನು ಗಾಡಿಯ ಕಂಪ್ಯೂಟರಿಗೆ ಸೇರಿಸದ ಅಂಗಡಿಗೆ ಹೋಗಬೇಡಿ. ಕೋಡ್ ಸೇರಿಸದಿದ್ದರೆ ಒಳ್ಳೆಯ ನಾಜಲ್ ಕೂಡ ಅಳತೆ ತಪ್ಪಿ ಡೀಸೆಲ್ ಹಾಕುತ್ತದೆ. ಪೂರ್ತಿ ಸೆಟ್ ಬದಲಿಸುವುದು ನಾಲ್ಕನೆಯದು, ಬೆಳ್ಳಿಯ ಪುಡಿ ಕಂಡರೆ ಮಾತ್ರ.

ಬಾಟಲಿಯಲ್ಲಿ ಕಪ್ಪು ಲೋಳೆ ಕಂಡರೆ ಎಂದಿದ್ದೆ. ಅದು ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಸಂಸಾರ. ನಮ್ಮ ಕಡೆಯ ಬೆಚ್ಚನೆಯ ಹವೆ ಅವುಗಳಿಗೆ ಹಿಡಿಸುತ್ತದೆ. ಔಷಧವಿದೆ, ಆದರೆ ನೀರು ತೆಗೆಯದೆ ಹಾಕಿದರೆ ಸತ್ತ ಲೋಳೆಯೆಲ್ಲ ಫಿಲ್ಟರಿಗೆ ಬಂದು ಕಟ್ಟಿಕೊಳ್ಳುತ್ತದೆ. ನೀರಿಲ್ಲದಿದ್ದರೆ ಅವು ಬದುಕುವುದೇ ಇಲ್ಲ.

ಬಿಎಸ್-6 ಗಾಡಿಯವರು ನೀರು ಎಂದು ತಂದವುಗಳಲ್ಲಿ ಕೆಲವು ನೀರೇ ಅಲ್ಲ, ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ. ಒಮ್ಮೆ ಚಿತ್ರದುರ್ಗದ ಬಳಿ ಕ್ಲೀನರ್ ಹುಡುಗ ನಿದ್ದೆಗಣ್ಣಿನಲ್ಲಿ ಇಪ್ಪತ್ತು ಲೀಟರ್ ಯೂರಿಯಾ ಕ್ಯಾನನ್ನು ಡೀಸೆಲ್ ಟ್ಯಾಂಕಿಗೆ ಸುರಿದಿದ್ದ. ಪುಣ್ಯಕ್ಕೆ ಡ್ರೈವರ್ ಚಾವಿ ತಿರುಗಿಸುವ ಮೊದಲೇ ಫೋನ್ ಮಾಡಿದರು, ಟ್ಯಾಂಕ್ ತೊಳೆಯುವುದರಲ್ಲಿ ಮುಗಿಯಿತು. ಆ ದ್ರಾವಣದಲ್ಲಿ ಯೂರಿಯಾ ಶೇಕಡ 32.5, ಉಳಿದದ್ದು ನೀರೇ. ನೀರಿನ ತುಕ್ಕಿನ ಜೊತೆಗೆ ಒಣಗಿದರೆ ಬಿಳಿ ಹರಳು ಕಟ್ಟುತ್ತದೆ. ನಿಮ್ಮ ಟ್ಯಾಂಕಿನ ಮುಚ್ಚಳದ ಸುತ್ತ ಉಪ್ಪಿನಂತೆ ಬಿಳಿ ಹರಳು ಕಂಡರೆ ತಕ್ಷಣ ತಿಳಿಸಿ, ಆಗ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ.

ದೂರಿನ ವಿಷಯ. ಮೂರು ಬಾಟಲಿಗಳಲ್ಲಿ ಡ್ರಮ್ಮಿನದ್ದರಲ್ಲಿ ನೀರು ಸಿಕ್ಕರೆ ಬಂಕಿನ ಮೇಲೆ ದೂರು ನಿಲ್ಲುವುದಿಲ್ಲ, ಮುಜುಗರ ನಿಮಗೇ. ಡ್ರಮ್ಮು ಶುದ್ಧವಾಗಿದ್ದು, ಬಂಕಿನ ರಸೀದಿ ನಿಮ್ಮಲ್ಲಿದ್ದು, ಅಂದೇ ಬೇರೆ ಗಾಡಿಗಳೂ ನಿಂತದ್ದು ಗೊತ್ತಾದರೆ ಮಾತು ಬೇರೆ. ಮೊದಲು ತೈಲ ಕಂಪನಿಗೆ ಲಿಖಿತ ದೂರು ಕೊಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿಯಿದೆ. ‘ಲಾರಿ ವ್ಯಾಪಾರದ್ದು, ನೀವು ಗ್ರಾಹಕರಲ್ಲ’ ಎಂದು ಎದುರಿನವರು ಹೇಳಬಹುದು. ಜೀವನೋಪಾಯಕ್ಕೆಂದು ಸ್ವಯಂ ಉದ್ಯೋಗ ಮಾಡುವವರನ್ನು 2019ರ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವ ನಿಮ್ಮಂಥವರಿಗೆ ಅದು ಅನ್ವಯಿಸುತ್ತದೆ, ವಕೀಲರನ್ನು ಕೇಳಿ ಮುಂದುವರಿಯಿರಿ. ವಿಮೆಯ ಆಸೆ ಇಟ್ಟುಕೊಳ್ಳಬೇಡಿ, ಸಾಮಾನ್ಯ ಪಾಲಿಸಿ ಯಂತ್ರ ಕೆಟ್ಟದ್ದಕ್ಕೆ ದುಡ್ಡು ಕೊಡುವುದಿಲ್ಲ. ವಾರಂಟಿಯೂ ಕೆಟ್ಟ ಇಂಧನದಿಂದಾದ ಹಾನಿಗೆ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತದೆ.

ಬಂಕಿನಲ್ಲಿ ಸಾಂದ್ರತೆ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ, ಕೇಳಿ. 15 ಡಿಗ್ರಿಗೆ ಹೊಂದಿಸಿದ ಅಂಕಿ ಅವರ ರಿಜಿಸ್ಟರಿನದ್ದಕ್ಕಿಂತ ಲೀಟರಿಗೆ ಮೂರು ಗ್ರಾಂ ಮೀರಿ ಹೆಚ್ಚು ಕಡಿಮೆಯಾದರೆ ಅನುಮಾನಕ್ಕೆ ಎಡೆಯಿದೆ. ಆದರೆ ಅದು ಕಲಬೆರಕೆ ಹಿಡಿಯುವ ಪರೀಕ್ಷೆ. ತಳದಲ್ಲಿ ಕೂತ ನೀರನ್ನು ಅದು ತೋರಿಸಲೇಬೇಕೆಂದಿಲ್ಲ. ಫಿಲ್ಟರ್ ಕಾಗದದ ಮೇಲೆ ಹನಿ ಹಾಕುವುದು ಪೆಟ್ರೋಲಿಗೆ, ಡೀಸೆಲ್‌ಗಲ್ಲ. ಟ್ಯಾಂಕರ್ ಇಳಿಸುತ್ತಿರುವ ಹೊತ್ತಿನಲ್ಲಿ ಮಾತ್ರ ಹಾಕಿಸಬೇಡಿ, ತಳದ ಕಸ ನೀರೆಲ್ಲ ಕದಡಿರುತ್ತದೆ.

ಮುಂದೆ ದಿನಾ ಮಾಡಬೇಕಾದದ್ದು ಹೆಚ್ಚಿಲ್ಲ. ಮಳೆಗಾಲದಲ್ಲಿ ದಿನ ಬಿಟ್ಟು ದಿನ, ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಫಿಲ್ಟರಿನ ತಳ ಬಸಿಯಿರಿ. ಹಗಲು ರಿಟರ್ನ್ ಡೀಸೆಲ್ ಬಿಸಿಯಾಗಿ ಸ್ವಲ್ಪ ನೀರನ್ನು ಕರಗಿಸಿಕೊಂಡಿರುತ್ತದೆ, ರಾತ್ರಿ ತಣ್ಣಗಾದಾಗ ಬಿಡುತ್ತದೆ, ಅದಕ್ಕೇ ಬೆಳಿಗ್ಗೆ. ಟ್ಯಾಂಕ್ ಮುಚ್ಚಳದ ರಬ್ಬರ್ ನೋಡಿಕೊಳ್ಳಿ, ವಾಟರ್ ಸರ್ವಿಸ್‌ನಲ್ಲಿ ಹುಡುಗರು ಪ್ರೆಷರ್ ಪೈಪನ್ನು ಮುಚ್ಚಳಕ್ಕೇ ಗುರಿಯಿಟ್ಟು ಹಿಡಿಯದಂತೆ ಹೇಳಿ. ಡ್ರಮ್ಮು ಬೇಕೇ ಬೇಕೆಂದರೆ ಸೂರಿನಡಿ ಇಡಿ, ಎರಡು ಮುಚ್ಚಳಗಳೂ ಅಕ್ಕಪಕ್ಕ ಸಮ ಎತ್ತರಕ್ಕೆ ಬರುವಂತೆ ಮಲಗಿಸಿ. ಹಾಗೆ ಇಟ್ಟರೆ ಮುಚ್ಚಳದ ಒಳಗೆ ಡೀಸೆಲ್ ಮುಟ್ಟಿರುತ್ತದೆ, ಹೊರಗೆ ನೀರು ನಿಲ್ಲಲು ಜಾಗವಿರುವುದಿಲ್ಲ. ಎಳೆಯುವಾಗ ತಳದ ಒಂದು ಗೇಣು ಬಿಟ್ಟು ಎಳೆಯಿರಿ.

ಗಾಡಿಯನ್ನು ಓಡಿಸಿಕೊಂಡು ಬರಬೇಡಿ. ಟ್ಯಾಂಕ್ ಕೆಲಸ ಚಳ್ಳಕೆರೆಯಲ್ಲಿಯೇ ಮಾಡಿಸಬಹುದು, ನಾಜಲ್‌ಗಳನ್ನು ಬಿಚ್ಚಿ, ತುದಿಗೆ ಮುಚ್ಚಳ ಹಾಕಿ, ಯಾವುದು ಎಷ್ಟನೆಯ ಸಿಲಿಂಡರಿನದೆಂದು ಗುರುತು ಮಾಡಿ ಬೆಂಚ್ ಇರುವ ಕಡೆಗೆ ಬಸ್ಸಿನಲ್ಲಿ ತಂದರೂ ಆಯಿತು. ಮೂರೂ ಬಾಟಲಿ ಜೊತೆಗಿರಲಿ. ಡ್ರಮ್ಮಿನದ್ದರ ಮೇಲೆ ಮರೆಯದೆ ಚೀಟಿ ಅಂಟಿಸಿ.